ಬೆಳ್ಳಿಯ ರೂಪಾಯಿ, ಬಂಗಾರದ ಮೊಹರು: ಟಂಕಸಾಲೆಯ ಚರ್ಚೆ (೧೮೧೮–೧೯೨೭)

ಒಂದು ದೇಶದ ನಾಣ್ಯವನ್ನು ಬೆಳ್ಳಿಯಲ್ಲಿ ಟಂಕಿಸಬೇಕೋ ಬಂಗಾರದಲ್ಲಿ ಟಂಕಿಸಬೇಕೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಶರಾಫರಿಗೂ ಚಿನಿವಾರರಿಗೂ ಮಾತ್ರ ಸಂಬಂಧಪಟ್ಟದ್ದೆಂದು ತೋರಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಕಡೆಯ ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆಯು ದೊಡ್ಡ ದೊಡ್ಡ ರಾಜ್ಯಗಳ ಬೊಕ್ಕಸವನ್ನು ಅಲ್ಲಾಡಿಸಿತು. ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಚುನಾವಣೆಯೇ ಇದರ ಮೇಲೆ ನಡೆಯಿತು. ನಮ್ಮ ದೇಶದಲ್ಲಿ ಚುನಾವಣೆಯ ಮಾತಿರಲಿಲ್ಲವಾದರೂ ಇದರ ಫಲವನ್ನು ಅನುಭವಿಸದೆ ಉಳಿದ ಮನೆಯೊಂದೂ ಇರಲಿಲ್ಲವೆಂದು ಹೇಳಬಹುದು. ಈ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಒಂದಾದಮೇಲೊಂದರಂತೆ ಕಮಿಟಿಗಳ ವರದಿಗಳನ್ನು ಸಂಗ್ರಹಿಸಿ ಕೊಡುವುದು ವಾಡಿಕೆ. ಹಾಗೆ ಓದಿದಾಗ ನಮ್ಮ ಕಣ್ಣಿಗೆ ಬೀಳುವುದು ಲೋಹದ ಹೆಸರು ಮತ್ತು ವಿನಿಮಯದ ದರ, ಇವೆರಡೇ. ಆದರೆ ಲೋಹದ ಪ್ರಶ್ನೆಯೊಳಗೆ ಮತ್ತೊಂದು ಪ್ರಶ್ನೆ ಅಡಗಿದ್ದಿತು: ಪ್ರಜೆಯು ತನ್ನಲ್ಲಿರುವ ಲೋಹವನ್ನು ಟಂಕಸಾಲೆಗೆ ಒಯ್ದು ನಾಣ್ಯವನ್ನು ಪಡೆಯುವ ಹಕ್ಕುಳ್ಳವನೋ ಅಲ್ಲವೋ? ೧೮೯೩ನೆಯ ಇಸವಿಯಲ್ಲಿ ಬೆಳ್ಳಿಗೆ ಈ ಬಾಗಿಲನ್ನು ಮುಚ್ಚಲಾಯಿತು. ಬಂಗಾರಕ್ಕೆ ಬೇರೊಂದು ಬಾಗಿಲು ತೆರೆಯುವುದೆಂದು ಆಗ ಎಲ್ಲರೂ ನಂಬಿದರು. ಆ ಎರಡನೆಯ ಬಾಗಿಲು ಏನಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನಾಡಿನ ಹಳೆಯ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ದಕ್ಷಿಣದೇಶದ ನಾಣ್ಯ ಬಂಗಾರದ್ದು. ಗದ್ಯಾಣ, ಹೊನ್ನು, ವರಾಹ ಎಂಬ ಹೆಸರುಗಳೆಲ್ಲ ಬಂಗಾರಕ್ಕೆ ಸೇರಿದುವು. ಇಂದು ನಾವು ದುಡ್ಡೆಂಬ ಅರ್ಥದಲ್ಲಿ ಬಳಸುವ ‘ಹಣ’ ಎಂಬ ಮಾತೇ ಗುಲಗಂಜಿಯಷ್ಟರ ಒಂದು ಬಂಗಾರದ ನಾಣ್ಯದ ಹೆಸರು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಅಲ್ಲಿನ ನಾಣ್ಯಗಳನ್ನು ಎಣಿಸಿ ಹೇಳುವಾಗ ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಹಣ, ಇವು ಬಂಗಾರದುವೆಂದೂ, ಹಣದ ಆರನೆಯ ಒಂದು ಪಾಲಾದ ತಾರವು ಮಾತ್ರ ಬೆಳ್ಳಿಯದೆಂದೂ ತಿಳಿಸಿದ್ದಾನೆ. ಬೆಳ್ಳಿ ನಮ್ಮಲ್ಲಿ ಚಿಲ್ಲರೆಯ ಲೋಹವಾಗಿದ್ದಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ನರಸಿಂಹಮೂರ್ತಿಯನ್ನು ಅಚ್ಚೊತ್ತಿಸಿ ಹೊರಡಿಸಿದ ಕಂಠೀರಾಯಿ ಹಣವು ಅವರ ತರುವಾಯ ನೂರೈವತ್ತು ವರ್ಷಗಳಾದರೂ ನಾಡಿನ ಲೆಕ್ಕಪತ್ರಗಳನ್ನು ಆಳಿತು. ಮೈಸೂರಿನ ಟಂಕಸಾಲೆಗಳಿಂದ ಬೆಳ್ಳಿಯ ದೊಡ್ಡ ನಾಣ್ಯಗಳು ಹೊರಟದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಅವನ ಹೈದರಿ ಮತ್ತು ಇಮಾಮಿಗಳು ನಾಣ್ಯಶಾಸ್ತ್ರಜ್ಞರಿಗೆ ಚೆನ್ನಾಗಿ ಪರಿಚಿತವಾದುವು. ಅವನ ಪತನಾನಂತರ ೧೭೯೯ರಲ್ಲಿ ಆದ ಒಡಂಬಡಿಕೆಯಲ್ಲಿಯೂ ಮೈಸೂರು ಸಂಸ್ಥಾನವು ಕಂಪೆನಿಗೆ ವರ್ಷಂಪ್ರತಿ ಕೊಡಬೇಕಾದ ಪೊಗದಿಯನ್ನು ೭ ಲಕ್ಷ ನಕ್ಷತ್ರದ ವರಾಹಗಳೆಂದೇ ಬರೆಯಲಾಯಿತು.

ಈ ಬಂಗಾರದ ನಾಡಿಗೆ ರೂಪಾಯಿ ಬಂದದ್ದು ರಾಜಾಜ್ಞೆಯಿಂದ. ಬಂಗಾಳದಲ್ಲಿ ಕಂಪೆನಿಯವರು ೧೭೬೬ರಲ್ಲಿಯೂ ೧೭೬೯ರಲ್ಲಿಯೂ ಬಂಗಾರದ ಮೊಹರನ್ನು ಬೆಳ್ಳಿಯೊಡನೆ ಜೋಡಿಯಾಗಿ ಓಡಿಸಲು ಪ್ರಯತ್ನಪಟ್ಟು ಸೋತಿದ್ದರು. ಮೊದಲನೆಯ ಮೊಹರಿಗೆ ಅದರಲ್ಲಿದ್ದ ಬಂಗಾರದ ಪೇಟೆಯ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಕಟ್ಟಿದ್ದರಿಂದ ಬೆಳ್ಳಿಯು ಮರೆಯಾಯಿತು. ಎರಡು ಲೋಹಗಳಿಗೆ ಕಾನೂನಿನಿಂದ ಒಂದು ಪ್ರಮಾಣವನ್ನು ಗೊತ್ತುಮಾಡಿದರೆ, ಪೇಟೆಯಲ್ಲಿ ಯಾವ ಲೋಹಕ್ಕೆ ಬೆಲೆ ಹೆಚ್ಚೋ ಅದು ಓಡಿಹೋಗುವುದು, ಅಗ್ಗದ್ದು ಉಳಿಯುವುದು. ಇದು ಕಂಪೆನಿಗೆ ಸ್ವಂತ ಖರ್ಚಿನಲ್ಲಿ ದೊರೆತ ಪಾಠ. ಅಂತೆಯೇ ೧೮೦೬ರಲ್ಲಿ ಲಂಡನ್ನಿನ ಡೈರೆಕ್ಟರುಗಳು, ಇಡೀ ಇಂಡಿಯಾಕ್ಕೆ ಒಂದೇ ಲೋಹವಿರಲಿ, ಅದು ಬೆಳ್ಳಿಯಾಗಲಿ ಎಂದು ನಿರೂಪ ಕಳುಹಿಸಿದರು. ಮದರಾಸಿನಲ್ಲಿ ಇದು ೧೮೧೮ರಲ್ಲಿ ಜಾರಿಗೆ ಬಂದಿತು. ೧೦೦ ವರಾಹಕ್ಕೆ ೩೫೦ ರೂಪಾಯಿಯಂತೆ ಲೆಕ್ಕವನ್ನು ತಿರುಗಿಸಿದರು. ಮೈಸೂರಿನ ೭ ಲಕ್ಷ ವರಾಹದ ಪೊಗದಿಯು ೨೪॥ ಲಕ್ಷ ರೂಪಾಯಿಯೆಂದು ಬರೆಯಲ್ಪಡುವುದಕ್ಕೆ ಕಾರಣ ಇದೇ. ೧೮೩೫ರ ನಾಣ್ಯದ ಕಾಯಿದೆಯು ೧೮೦ ಗ್ರೈನು ತೂಕದ, ಅದರಲ್ಲಿ ೧೬೫ ಗ್ರೈನು ಶುದ್ಧ ಬೆಳ್ಳಿಯುಳ್ಳ ರೂಪಾಯಿಯನ್ನು ಕಂಪೆನಿಯ ಸೀಮೆಗೆಲ್ಲ ಏಕನಾಣ್ಯವಾಗಿ ಮಾಡಿತು. ಬಂಗಾರದ ಮೊಹರನ್ನು ಟಂಕಿಸಬಹುದಾಗಿದ್ದಿತು. ಆದರೆ ಸಾಲಗಾರನು ಅದನ್ನು ಕೊಟ್ಟರೆ ಸಾಹುಕಾರನು ತೆಗೆದುಕೊಳ್ಳಲೇಬೇಕೆಂಬ ಬಲಾತ್ಕಾರವಿರಲಿಲ್ಲ. ಮೈಸೂರು ಸಂಸ್ಥಾನದ ಸ್ವಂತ ಟಂಕಸಾಲೆಯೂ ೧೮೪೩ರಲ್ಲಿ ನಿಂತಿತು.

ಮುಂದಿನ ಐವತ್ತು ವರ್ಷಗಳ ವ್ಯವಸ್ಥೆಯಲ್ಲಿ ನಾವು ಗಮನಿಸಬೇಕಾದುದು ಮುಕ್ತಟಂಕಣ. ಯಾವನೇ ಆಗಲಿ ಬೆಳ್ಳಿಯ ಗಟ್ಟಿಯನ್ನಾಗಲಿ ಹಳೆಯ ಒಡವೆಯನ್ನಾಗಲಿ ಕಲ್ಕತ್ತೆಯ ಅಥವಾ ಬೊಂಬಾಯಿಯ ಟಂಕಸಾಲೆಗೆ ಒಯ್ದರೆ, ಸುಮಾರು ನೂರಕ್ಕೆ ಎರಡರಂತೆ ಕೂಲಿಯನ್ನು ಮುರಿದುಕೊಂಡು ಮಿಕ್ಕುದನ್ನು ರೂಪಾಯಿಗಳಾಗಿ ಕೊಡುತ್ತಿದ್ದರು. ಹಳ್ಳಿಯ ರೈತನು ತಾನೇ ಬೊಂಬಾಯಿಗೆ ಹೋಗುತ್ತಿರಲಿಲ್ಲ, ನಿಜ. ಆದರೆ ಅವನ ಊರಿನ ಅಕ್ಕಸಾಲೆಯೂ ಪೇಟೆಯ ಶರಾಫನೂ ಅವನ ಕಡಗಕ್ಕೆ ಬೆಲೆ ಕಟ್ಟುವಾಗ ಆ ತೆರೆದ ಬಾಗಿಲು ಅವರ ಬೆನ್ನ ಹಿಂದೆ ಇದ್ದೇ ಇರುತ್ತಿದ್ದಿತು. ರೂಪಾಯಿಯ ತೂಕದ ಬೆಳ್ಳಿಗೆ ಹೆಚ್ಚುಕಡಮೆ ರೂಪಾಯಿಯೇ ಬೆಲೆ. ಕೈಯ ಕಡಗವೂ ಸೊಂಟದ ಡಾಬೂ ಒಡವೆಯಾಗಿದ್ದಂತೆಯೇ ಕೂಡಿಟ್ಟ ನಾಣ್ಯವೂ ಆಗಿದ್ದುವು. ಧಾತು ಈಶ್ವರ ಸಂವತ್ಸರಗಳ ಘೋರಕ್ಷಾಮದಲ್ಲಿ (೧೮೭೬–೭೮) ದಕ್ಷಿಣದ ಊರೂರುಗಳಿಂದ ಒಡವೆಯ ಬೆಳ್ಳಿಯು ಬೊಂಬಾಯಿಯ ಟಂಕಸಾಲೆಗೆ ಹರಿದುಹೋದುದು ಸರಕಾರದ ಕಾಗದಪತ್ರಗಳಿಂದಲೇ ತಿಳಿಯುತ್ತದೆ. ಪ್ರಾಣವುಳಿಸಿದ ಎಷ್ಟೋ ಸೇರು ಕಾಳು ಈ ದಾರಿಯಿಂದ ಬಂದುವು.

ಬಂಗಾರದ ಪಕ್ಷದವರು ಈ ಕಾಲದಲ್ಲಿಯೂ ಸುಮ್ಮನಿರಲಿಲ್ಲ. ೧೮೪೧ರಲ್ಲಿ ಸರಕಾರದ ಖಜಾನೆಗಳು ಮೊಹರನ್ನು ೧೫ ರೂಪಾಯಿಗೆ ತೆಗೆದುಕೊಳ್ಳಬಹುದೆಂದು ಅಪ್ಪಣೆಯಾಗಿದ್ದಿತು. ಕ್ಯಾಲಿಫೋರ್ನಿಯಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಗಣಿಗಳು ದೊರೆತು ಬಂಗಾರ ಅಗ್ಗವಾಗುವುದೆಂಬ ಭಯದಿಂದ ೧೮೫೨ರ ಕಡೆಯಲ್ಲಿ ಡಾಲ್‌ಹೌಸಿಯ ಸರಕಾರವು ಅದನ್ನು ರದ್ದುಮಾಡಿತು. ೧೮೬೪ರಲ್ಲಿ ವರ್ತಕಸಂಘಗಳು ಬಂಗಾರದ ನಾಣ್ಯ ಬೇಕೆಂದು ಬೇಡಿಕೊಂಡುವು. ಆಗಿನ ಹಣಕಾಸಿನ ಸದಸ್ಯ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು ಇಂಗ್ಲೆಂಡಿನ ಸವರನ್ನನ್ನು ೧೦ ರೂಪಾಯಿಗೆ ಚಲಾವಣೆಗೆ ತರಬೇಕೆಂದು ಬರೆದನು. ೧೮೬೬ರ ಮ್ಯಾನ್ಸ್‌ಫೀಲ್ಡ್ ಕಮಿಷನ್ನು ಅದೇ ಪಕ್ಷವನ್ನು ಹಿಡಿಯಿತು. ೧೮೭೨ರಲ್ಲಿ ಸರ್ ರಿಚರ್ಡ್ ಟೆಂಪಲ್ಲನೂ ಹಾಗೆಯೇ ಹೇಳಿದನು. ಆಗ ಬೆಳ್ಳಿಗೂ ಬಂಗಾರಕ್ಕೂ ಇದ್ದ ಪ್ರಮಾಣವು ಹಳೆಯದೇ ಆಗಿದ್ದುದರಿಂದ ಯಾರಿಗೂ ನಷ್ಟವಾಗದಂತೆ ಬದಲಾವಣೆಯನ್ನು ಮಾಡಬಹುದಾಗಿದ್ದಿತು. ೧೮೭೪ರಲ್ಲಿ ಸರಕಾರವು ಇದು ಬೇಡವೆಂದು ತೀರ್ಮಾನಿಸಿತು. ಈ ಚರಿತ್ರೆಯಲ್ಲಿ ಕೈತಪ್ಪಿದ ಅವಕಾಶವೆಂದು ಯಾವುದನ್ನಾದರೂ ತೋರಿಸಬೇಕಾದರೆ ನಾವು ಈ ಹತ್ತು ವರ್ಷಗಳನ್ನು ತೋರಿಸುವೆವು.

ಏಕೆಂದರೆ ಆ ವೇಳೆಗೆ ಪ್ರಪಂಚವು ಬೆಳ್ಳಿಯನ್ನು ಬಿಡಲಾರಂಭಿಸಿದ್ದಿತು. ಫ್ರಾನ್ಸನ್ನು ಗೆದ್ದ ಜರ್ಮನಿಯು ೧೮೭೧–೭೩ರಲ್ಲಿ ಬಂಗಾರದ ಮಾರ್ಕನ್ನು ಸ್ಥಾಪಿಸಿ ತನ್ನ ಬೆಳ್ಳಿಯನ್ನು ಮಾರಲು ಹೊರಟಿತು. ಅಮೆರಿಕವು ೧೮೭೩ರ ಕಾಯಿದೆಯಲ್ಲಿ ಬೆಳ್ಳಿಯ ಡಾಲರಿನ ಮುಕ್ತಟಂಕಣವನ್ನು ಕೈಬಿಟ್ಟಿತು. ಫ್ರಾನ್ಸು ಮೊದಲಾದ ಲ್ಯಾಟಿನ್ ಒಕ್ಕೂಟದ ರಾಜ್ಯಗಳು ೧೮೭೪ರಲ್ಲಿ ಮಿತಿಯನ್ನು ಹಾಕಿ ೧೮೭೮ರಲ್ಲಿ ಪೂರ್ತಿ ನಿಲ್ಲಿಸಿದುವು. ಅದೇ ಕಾಲಕ್ಕೆ ನೆವಾಡದ ಗಣಿಗಳಿಂದ ಬೆಳ್ಳಿಯು ಸುರಿಯಿತು. ೧೮೭೧–೭೨ರಲ್ಲಿ ೨೩ ಪೆನ್ನಿಗೂ ಸ್ವಲ್ಪ ಮೇಲಿದ್ದ ರೂಪಾಯಿಯು ೧೮೯೨–೯೩ರಲ್ಲಿ ೧೫ ಪೆನ್ನಿಗೆ ಇಳಿಯಿತು. ಇಂಡಿಯಾ ಸರಕಾರಕ್ಕೆ ಇದರಿಂದಾದ ತೊಂದರೆಯು ಹರ್ಷೆಲ್ ಕಮಿಟಿಯ ವರದಿಯ ಒಂದು ಲೆಕ್ಕದಲ್ಲಿ ಸ್ಪಷ್ಟವಾಗಿದೆ. ೧೮೯೨–೯೩ರಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಕಳುಹಿಸಿದ ಮೊಬಲಗು ೧,೬೫,೩೨,೨೧೫ ಪೌಂಡು. ಅದಕ್ಕೆ ತೆತ್ತ ರೂಪಾಯಿ ೨೬,೪೭,೮೪,೧೫೦. ೧೮೭೩–೭೪ರ ದರವೇ ಇದ್ದಿದ್ದರೆ ೧೭,೭೫,೧೯,೨೦೦ ರೂಪಾಯಿ ಸಾಕಾಗುತ್ತಿದ್ದಿತು. ಒಂದೇ ವರ್ಷದ ವ್ಯತ್ಯಾಸ ಎಂಟೂಮುಕ್ಕಾಲು ಕೋಟಿಗೆ ಸ್ವಲ್ಪ ಕಡಮೆ.

ಈ ಲೆಕ್ಕವು ಸರಿಯೇ. ಆದರೆ ಅದಕ್ಕೆ ಔಷಧವೇನೆಂಬಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಟಂಕಸಾಲೆಯನ್ನು ಬೆಳ್ಳಿಗೆ ಮುಚ್ಚಿ ರೂಪಾಯಿಯ ಸಂಖ್ಯೆಯನ್ನು ಬಿಗಿಹಿಡಿದರೆ ಅದರ ಬೆಲೆ ಏರುವುದೆಂಬ ಸೂಚನೆಯನ್ನು ಇಂಡಿಯಾ ಸರಕಾರವು ೧೮೭೮ರಲ್ಲಿಯೇ ಮಾಡಿದ್ದಿತು. ಆಗ ಅದನ್ನು ತಳ್ಳಿಹಾಕಿದವರು ಲಂಡನ್ನಿನವರೇ. ೧೮೭೯ರಲ್ಲಿ ಬ್ರಿಟಿಷ್ ಖಜಾನೆಯವರು ಕೊಟ್ಟ ಉತ್ತರದ ತಾತ್ಪರ್ಯವೇನೆಂದರೆ, ಹೀಗೆ ಮಾಡುವುದು ಇಂಡಿಯಾದ ತೆರಿಗೆದಾರನ ಹೊರೆಯನ್ನು ಅವನಿಗೆ ತಿಳಿಯದಂತೆ ಹೆಚ್ಚಿಸಿ, ಸ್ವದೇಶಕ್ಕೆ ಹಣ ಕಳುಹಿಸುವ ಅಧಿಕಾರಿಗಳಿಗೆ ಅನುಕೂಲವನ್ನು ಕಲ್ಪಿಸಿದಂತಾಗುವುದು ಎಂಬುದು. ಹದಿನಾಲ್ಕು ವರ್ಷಗಳಲ್ಲಿ ಈ ಆಕ್ಷೇಪಣೆಗೆ ಸಮಾಧಾನವೇನೂ ದೊರೆಯಲಿಲ್ಲ. ಅದನ್ನು ಎತ್ತುವವರ ದನಿ ಮಾತ್ರ ಕ್ಷೀಣವಾಯಿತು.

೧೮೯೨ರಲ್ಲಿ ಮೆಕೇ ಎಂಬ ವರ್ತಕನ ಮುಂದಾಳುತನದಲ್ಲಿ (ಇವನೇ ಮುಂದೆ ಇಂಚ್‌ಕೇಪ್ ಪ್ರಭುವೆನಿಸಿದವನು) ಇಂಡಿಯನ್ ಕರೆನ್ಸಿ ಅಸೋಸಿಯೇಷನ್ನು ಹುಟ್ಟಿತು. ಆಗ ಹಣಕಾಸಿನ ಸದಸ್ಯನಾಗಿದ್ದ ಸರ್ ಡೇವಿಡ್ ಬಾರ್ಬರನು ಮನಸಾ ದ್ವಿಲೋಹವಾದಿ. ಎಲ್ಲ ರಾಜ್ಯಗಳೂ ಕೂಡಿ ಬೆಳ್ಳಿಬಂಗಾರಗಳಿಗೆ ಒಂದು ಪ್ರಮಾಣವನ್ನು ಗೊತ್ತುಮಾಡುವುದೇ ಸರಿಯೆಂದು ನಂಬಿದ್ದವನು. ೧೮೯೨ರ ಬ್ರಸೆಲ್ಸ್ ಸಮ್ಮೇಳನವು ನಿಷ್ಫಲವಾದಮೇಲೆ ಅವನಿಗೂ ಬೇರೆ ದಾರಿ ತೋರಲಿಲ್ಲ. ಲಾರ್ಡ್ ಹರ್ಷೆಲ್ಲನ ಕಮಿಟಿಯಲ್ಲಿ ಇಂಡಿಯಾದವರು ಒಬ್ಬರೂ ಇರಲಿಲ್ಲ. ಅದು ಅನುಮತಿಯನ್ನು ಕೊಟ್ಟಿತು. ೧೮೯೩ನೆಯ ಜೂನ್ ೨೬ನೆಯ ತಾರೀಖು ಒಂದೇ ದಿನದಲ್ಲಿ ಕಾಯಿದೆಯು ಪಾಸಾಯಿತು. ಸಾರ್ವಜನಿಕರಿಗೆ ಟಂಕಸಾಲೆ ಮುಚ್ಚಿತು. ಬಂಗಾರವನ್ನು ತಂದವರಿಗೆ ರೂಪಾಯಿಗೆ ೧೬ ಪೆನ್ನಿಯ ದರದಲ್ಲಿ, ಎಂದರೆ ಸವರನ್ನಿಗೆ ೧೫ ರೂಪಾಯಿಯಂತೆ ಕೊಡುವುದಾಗಿ ಸರಕಾರವು ಪ್ರಕಟಿಸಿತು. ಇಲ್ಲಿ ಒಂದು ಸೂಕ್ಷ್ಮವುಂಟು: ಮುಚ್ಚಿದ್ದು ಪ್ರಜೆಗೆ, ಸರಕಾರವು ತಾನು ಬೇಕಾದಷ್ಟು ಬೆಳ್ಳಿಯನ್ನು ಕೊಂಡು ರೂಪಾಯಿ ಹೊಡೆಯಲು ಅಡ್ಡಿಯಿರಲಿಲ್ಲ.

ಕೂಡಲೆ ಬೆಳ್ಳಿಯು ಕುಸಿಯಿತು. ಲಂಡನ್ನಿನಲ್ಲಿ ಔನ್ಸಿಗೆ ೩೮ ಪೆನ್ನಿಯ ಆಸುಪಾಸಿನಲ್ಲಿದ್ದ ಬೆಲೆಯು ಮರುವರ್ಷದ ಸರಾಸರಿಯಲ್ಲಿ ೨೯ ಪೆನ್ನಿಯಾಯಿತು. ಅಮೆರಿಕದಲ್ಲಿ ಶರ್ಮನ್ ಕಾಯಿದೆಯ ಪ್ರಕಾರ ಸರಕಾರವು ತಿಂಗಳಿಗೆ ೪೫ ಲಕ್ಷ ಔನ್ಸು ಬೆಳ್ಳಿಯನ್ನು ಕೊಳ್ಳುತ್ತಿದ್ದುದೂ ಅದೇ ವರ್ಷ ನವಂಬರಿನಲ್ಲಿ ನಿಂತಿತು. ಅಲ್ಲಿನ ಬೇಸಾಯಗಾರರೂ ಗಣಿಯವರೂ ಒಂದಾಗಿ, ಹದಿನಾರಕ್ಕೆ ಒಂದರ ಪ್ರಮಾಣದಲ್ಲಿ ಬೆಳ್ಳಿಯನ್ನು ಮುಕ್ತವಾಗಿ ಟಂಕಿಸಬೇಕೆಂದು ೧೮೯೬ರಲ್ಲಿ ಬ್ರಯನ್ನನನ್ನು ಅಧ್ಯಕ್ಷ ಪದವಿಗೆ ನಿಲ್ಲಿಸಿ ಸೋತರು. ಗೆದ್ದ ಮೆಕಿನ್ಲಿಯು ಸಹ ೧೮೯೭ರಲ್ಲಿ ದೂತರನ್ನು ಕಳುಹಿಸಿ, ಇಂಡಿಯಾದ ಟಂಕಸಾಲೆ ಮತ್ತೆ ತೆರೆದರೆ ಫ್ರಾನ್ಸಿನೊಡನೆ ಸೇರಿ ತಾವೂ ತೆರೆಯುವುದಾಗಿ ಹೇಳಿಸಿದನು. ಇಂಡಿಯಾ ಸರಕಾರವು ಒಪ್ಪಲಿಲ್ಲ. ಅಮೆರಿಕವು ೧೯೦೦ರಲ್ಲಿ ಬಂಗಾರವನ್ನೇ ಕಾನೂನಿನಿಂದ ಸ್ಥಿರಪಡಿಸಿಕೊಂಡಿತು. ಸಮುದ್ರದಾಚೆಯ ಆ ದೊಡ್ಡ ಜಗಳದ ಒಂದು ಕೀಲಿಕೈ ಬೊಂಬಾಯಿ ಕಲ್ಕತ್ತೆಗಳಲ್ಲಿದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಇನ್ನು ಒಡವೆಯ ಮಾತು. ೨೦ ತೊಲ ತೂಕದ, ರೂಪಾಯಿಯಷ್ಟೇ ಶುದ್ಧವಾದ ಬೆಳ್ಳಿಯ ಕಾಲ್ಗಡಗಕ್ಕೆ ೧೮೯೩ಕ್ಕೆ ಮೊದಲು ಟಂಕಸಾಲೆಯಲ್ಲಿ ಹತ್ತೊಂಬತ್ತೂವರೆ ರೂಪಾಯಿ ಬರುತ್ತಿದ್ದಿತು. ೧೮೯೯ರಲ್ಲಿ ಲಂಡನ್ನಿನ ಬೆಲೆ ೨೭॥ ಪೆನ್ನಿಗೆ ಸಮೀಪ. ರೂಪಾಯಿಯು ಏರಿ ೧೬ ಪೆನ್ನಿಯಲ್ಲಿ ನಿಂತಿದ್ದಿತು. ಈ ದರದಲ್ಲಿ ಒಂದು ರೂಪಾಯಿಯೊಳಗಿನ ಬೆಳ್ಳಿಯ ಬೆಲೆ ಸುಮಾರು ಹತ್ತಾಣೆ. ಆ ಕಾಲ್ಗಡಗದ ಬೆಲೆಯು ಸಾಗಾಣಿಕೆ, ಸುಂಕಗಳನ್ನು ಸೇರಿಸಿದರೂ ಹದಿಮೂರೂವರೆ ರೂಪಾಯಿಯನ್ನು ಮೀರದು. ೧೮೯೬–೯೭ರ ಮತ್ತು ೧೮೯೯–೧೯೦೦ರ ಕ್ಷಾಮಗಳಲ್ಲಿ ಒಡವೆಯನ್ನು ಮಾರಿದವರಿಗೆ ಸಿಕ್ಕಿದ್ದು ಈ ಬೆಲೆ. ಧಾತು ಈಶ್ವರದಲ್ಲಿ ಅವರ ತಂದೆತಾಯಿಗಳಿಗೆ ದೊರೆತ ಆಸರೆ ಇವರಿಗೆ ಮೂರನೆಯ ಒಂದು ಪಾಲು ಕಡಮೆಯಾಗಿದ್ದಿತು.

ದಾದಾಭಾಯಿ ನವರೋಜಿಯವರು ೧೮೯೮ರಲ್ಲಿ ಫೌಲರ್ ಕಮಿಟಿಗೆ ಬರೆದುಕೊಟ್ಟ ಹೇಳಿಕೆಗಳಲ್ಲಿ ಇದನ್ನೂ ಇದಕ್ಕಿಂತ ಮೂಲವಾದ ವಿಷಯವನ್ನೂ ಎತ್ತಿದರು. ಇಂಗ್ಲೆಂಡಿಗೆ ಹೋಗುವ ಮೊಬಲಗನ್ನು ಕೊನೆಗೆ ತೆರುವುದು ದೇಶದ ಬೆಳೆಯಿಂದ; ರೂಪಾಯಿಯ ಬೆಲೆಯನ್ನು ಕೃತ್ರಿಮವಾಗಿ ಏರಿಸಿದರೆ ಅಷ್ಟೇ ರೂಪಾಯಿಯ ಕಂದಾಯಕ್ಕೆ ರೈತನು ಹೆಚ್ಚು ಕಾಳನ್ನು ಮಾರಬೇಕು; ಇದು ಹೆಸರಿಲ್ಲದ ಹೊಸ ತೆರಿಗೆ; ರೋಗವಿರುವುದು ರೂಪಾಯಿಯಲ್ಲಿ ಅಲ್ಲ, ಆ ಮೊಬಲಗಿನಲ್ಲಿ. ಇದು ಅವರ ವಾದ. ಈ ವಾದದ ಎರಡು ಭಾಗಗಳನ್ನು ಬೇರೆಬೇರೆಯಾಗಿ ತೂಗಿ ನೋಡಬೇಕೆಂದು ನಮಗೆ ತೋರುತ್ತದೆ. ಒಡವೆಯ ನಷ್ಟ ನಿರ್ವಿವಾದ. ಕಂದಾಯದ ಭಾರ ಎಷ್ಟು ಹೆಚ್ಚಿತೆಂಬುದು ಕಾಳಿನ ಧಾರಣೆಯನ್ನು ಅವಲಂಬಿಸಿದ್ದು. ಕ್ಷಾಮಗಳು ಧಾರಣೆಯನ್ನು ಏರಿಸಿದ ಆ ವರ್ಷಗಳಲ್ಲಿ ಅದನ್ನು ಬೇರ್ಪಡಿಸಿ ಅಳೆಯುವುದು ಸುಲಭವಲ್ಲ. ಮುಚ್ಚದೆ ಇದ್ದಿದ್ದರೆ ಸರಕಾರವು ಹೊಸ ತೆರಿಗೆಯನ್ನು ಬಹಿರಂಗವಾಗಿಯೇ ಹಾಕುತ್ತಿದ್ದಿತೆಂದು ಎದುರುಪಕ್ಷದವರು ಹೇಳಿದುದರಲ್ಲಿ ಹುರುಳಿಲ್ಲದಿಲ್ಲ. ಹಾಗೆ ಬಹಿರಂಗವಾಗಿ ಹಾಕಿದ್ದರೆ ಅದರ ಮೇಲೆ ಬಹಿರಂಗವಾಗಿ ಚರ್ಚೆಯಾದರೂ ನಡೆಯುತ್ತಿದ್ದಿತು. ನಮ್ಮವರೆಲ್ಲ ಒಂದೇ ಪಕ್ಷದಲ್ಲಿದ್ದರೆಂದೂ ತಿಳಿಯಬಾರದು. ಬೆಳ್ಳಿಯ ದೇಶವಾದ ಚೀನಾಕ್ಕೆ ನೂಲನ್ನು ಮಾರುತ್ತಿದ್ದ ಬೊಂಬಾಯಿಯ ಗಿರಣಿಯವರಿಗೆ ಅಗ್ಗದ ರೂಪಾಯಿಯೇ ಹಿತ; ಪರದೇಶದ ಸರಕನ್ನು ತರಿಸುವ ವರ್ತಕನಿಗೆ ತುಟ್ಟಿಯದು ಹಿತ.

ಫೌಲರ್ ಕಮಿಟಿಯು ೧೮೯೯ರ ವರದಿಯಲ್ಲಿ ಬಾಗಿಲನ್ನು ಬೆಳ್ಳಿಗೆ ಮತ್ತೆ ತೆರೆಯಬಾರದೆಂದೂ, ಅದಕ್ಕೆ ಪ್ರತಿಯಾಗಿ ಸವರನ್ನನ್ನು ದೇಶದ ನಾಣ್ಯವಾಗಿ ಮಾಡಿ ಇಂಡಿಯಾದಲ್ಲಿಯೇ ಬಂಗಾರದ ಮುಕ್ತಟಂಕಣಕ್ಕೆ ಏರ್ಪಡಿಸಬೇಕೆಂದೂ ಹೇಳಿತು. ಬ್ಯಾಂಕ್ ಆಫ್ ಬೆಂಗಾಲಿನ ಲಿಂಡ್ಸೆ ಎಂಬವನು, ಬಂಗಾರದ ನಾಣ್ಯವೇ ಬೇಡ, ಲಂಡನ್ನಿನಲ್ಲಿ ಒಂದು ನಿಧಿಯನ್ನಿಟ್ಟು ಹುಂಡಿಗಳ ಮೂಲಕವೇ ರೂಪಾಯಿಯ ದರವನ್ನು ಕಾಯಬಹುದೆಂದು ಸೂಚಿಸಿದ್ದನು. ಅದನ್ನು ಕಮಿಟಿಯು ನಿರಾಕರಿಸಿತು. ಅದೇ ವರ್ಷ ಸವರನ್ನನ್ನು ೧೫ ರೂಪಾಯಿಗೆ ಶಾಸನಬದ್ಧ ನಾಣ್ಯವನ್ನಾಗಿ ಮಾಡಿದರು. ಬೊಂಬಾಯಿಯಲ್ಲಿ ಲಂಡನ್ನಿನ ರಾಜಟಂಕಸಾಲೆಯ ಶಾಖೆಯೊಂದನ್ನು ಸ್ಥಾಪಿಸುವ ಸಿದ್ಧತೆ ಮೊದಲಾಯಿತು.

ಇಲ್ಲಿ ನಮ್ಮ ಕೋಲಾರವು ಚರಿತ್ರೆಯೊಳಗೆ ಬರುತ್ತದೆ. ೧೮೮೦ರಿಂದೀಚೆಗೆ ಜಾನ್ ಟೇಲರ್ ಕಂಪೆನಿಯವರ ನಿರ್ವಾಹದಲ್ಲಿ ವೃದ್ಧಿಹೊಂದಿದ ಆ ಗಣಿಗಳೇ ಆಗ ಇಂಡಿಯಾದ ಬಂಗಾರದ ಉತ್ಪತ್ತಿಯ ಬಹುಭಾಗಕ್ಕೆ ನೆಲೆಯಾಗಿದ್ದುವು. ಅಲ್ಲಿ ತೆಗೆದ ಬಂಗಾರವು ಶುದ್ಧಿಗಾಗಿಯೂ ಮಾರಾಟಕ್ಕಾಗಿಯೂ ಲಂಡನ್ನಿಗೆ ಹೋಗುತ್ತಿದ್ದಿತು. ಬೊಂಬಾಯಿಯಲ್ಲಿ ಟಂಕಸಾಲೆಯಾದರೆ ಅದಕ್ಕೆ ಮೊದಲನೆಯ ಗಿರಾಕಿ ಕೋಲಾರವೇ ಎಂದು ಎಲ್ಲರೂ ಎಣಿಸಿದ್ದರು. ಆದರೆ ಬ್ರಿಟಿಷ್ ಖಜಾನೆಯವರು ಒಂದರ ಮೇಲೊಂದು ತಕರಾರನ್ನು ತೆಗೆದರು. ಯಂತ್ರದ ವಿಷಯ, ಅಧಿಕಾರದ ವಿಷಯ, ಖರ್ಚಿನ ವಿಷಯ. ಕಡೆಗೆ, ಬಂಗಾರದ ಪದ್ಧತಿಯು ಈಗಾಗಲೇ ಸ್ಥಿರವಾಗಿರುವಾಗ ಟಂಕಸಾಲೆಯ ಅಗತ್ಯವೇನು, ಸವರನ್ನುಗಳು ತಾವಾಗಿಯೇ ಬರುತ್ತಿರುವುವಲ್ಲ ಎಂಬ ಪ್ರಶ್ನೆ. ಹೀಗೆ ಮೂರು ವರ್ಷಗಳು ಕಳೆಯುವಷ್ಟರಲ್ಲಿ ಕಾದು ಬೇಸತ್ತ ಗಣಿಯ ಕಂಪೆನಿಗಳು ತಮ್ಮ ಬಂಗಾರವನ್ನು ಇಂಗ್ಲೆಂಡಿನಲ್ಲಿಯೇ ಮಾರಲು ಕರಾರು ಮಾಡಿಕೊಂಡುವು. ಗಣಿಗಳು ಬಂಗಾರವನ್ನು ತರುವುದಿಲ್ಲವಾದ್ದರಿಂದ ಟಂಕಸಾಲೆ ಬೇಡವೆಂದು ೧೯೦೩ರಲ್ಲಿ ಯೋಜನೆಯನ್ನು ಕೈಬಿಟ್ಟರು. ಟಂಕಸಾಲೆ ತಡವಾದುದರಿಂದ ಬಂಗಾರ ಹೊರಟುಹೋಯಿತು, ಬಂಗಾರ ಹೊರಟುಹೋದುದರಿಂದ ಟಂಕಸಾಲೆ ನಿಂತಿತು! ಎರಡೇ ವರ್ಷಗಳಲ್ಲಿ, ೧೯೦೫ರಲ್ಲಿ, ಕೋಲಾರದ ಉತ್ಪತ್ತಿಯು ೬ ಲಕ್ಷ ಔನ್ಸುಗಳನ್ನು ಮೀರಿತು. ಮೈಸೂರು ಸಂಸ್ಥಾನಕ್ಕೆ ದೊರೆತದ್ದು ರಾಜಧನ ಮಾತ್ರ.

ಇಂಡಿಯಾದ ಜನರಿಗೆ ಬಂಗಾರದ ನಾಣ್ಯ ಬೇಡವೆಂಬುದಕ್ಕೆ ಸರಕಾರದವರು ೧೯೦೦ರ ಅನುಭವವನ್ನು ಸಾಕ್ಷಿಯಾಗಿ ತೋರಿಸುತ್ತಿದ್ದರು. ಆ ವರ್ಷ ಖಜಾನೆ ಅಂಚೆಕಚೇರಿಗಳ ಮೂಲಕ ಸವರನ್ನುಗಳನ್ನು ಹಂಚಿದುದೂ, ಅವುಗಳಲ್ಲಿ ಬಹಳ ಭಾಗ ಹಿಂದಿರುಗಿದುದೂ ನಿಜ. ಆದರೆ ಅದು ಕ್ಷಾಮದ ವರ್ಷ. ಆಣೆ ಕಾಸುಗಳಲ್ಲಿ ಕಾಳು ಕೊಳ್ಳುವವನಿಗೆ ೧೫ ರೂಪಾಯಿಯ ನಾಣ್ಯದಿಂದ ಏನು ಪ್ರಯೋಜನ? ಕಂಠೀರಾಯಿ ಹಣದಷ್ಟು ಸಣ್ಣ ಬಂಗಾರವನ್ನು ಸಂತೆಯಲ್ಲಿ ಓಡಿಸಿದ ಜನರನ್ನು ಕುರಿತು, ಇವರಿಗೆ ಬಂಗಾರದ ನಾಣ್ಯದ ಅಭ್ಯಾಸವಿಲ್ಲವೆಂದು ಆ ಒಂದು ವರ್ಷದ ಬಲದಿಂದ ತೀರ್ಮಾನಿಸಿದುದು ನ್ಯಾಯವೆನಿಸದು.

ಹೀಗೆ ಫೌಲರ್ ಕಮಿಟಿಯು ಬೇಡವೆಂದ ಲಿಂಡ್ಸೆಯ ಯೋಜನೆಯೇ ಯಾರೂ ಗೊತ್ತುಪಡಿಸದೆ ಆಚರಣೆಗೆ ಬಂದಿತು. ರೂಪಾಯಿಯನ್ನು ಹೊಡೆಯುವುದರಿಂದ ಬರುವ ಲಾಭವು, ಎಂದರೆ ಹತ್ತಾಣೆಯ ಬೆಳ್ಳಿ ಹದಿನಾರಾಣೆಯಾಗುವುದರಿಂದ ಉಳಿಯುವ ಮೊಬಲಗು, ಲಂಡನ್ನಿನಲ್ಲಿ ನಿಧಿಯಾಗಿ ಬೆಳೆಯಿತು. ೧೯೧೨ರಲ್ಲಿ ಸರ್ ವಿಠ್ಠಲದಾಸ ಠಾಕರಸಿಯವರು ಶಾಸನಸಭೆಯಲ್ಲಿ ಬಂಗಾರದ ಟಂಕಸಾಲೆಯ ಠರಾವನ್ನು ತಂದಾಗ ಇಂಡಿಯಾ ಸರಕಾರವೇ ಅದಕ್ಕೆ ಒಲಿದು ಲಂಡನ್ನಿಗೆ ಬರೆಯಿತು. ಮರುವರ್ಷ ಚೇಂಬರ್ಲೇನ್ ಕಮಿಷನ್ನು ಕುಳಿತಿತು. ಅದರಲ್ಲಿ ಸರ್ ಶಾಪೂರ್ಜಿ ಬ್ರೋಚಾ ಎಂಬ ಒಬ್ಬ ಭಾರತೀಯರಿದ್ದರು. ಅದೇ ವರ್ಷ ಇಂಡಿಯಾದ ನಾಣ್ಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಕೇನ್ಸನೂ ಇದ್ದನು. ಬಂಗಾರವನ್ನು ಜನರ ಕೈಯಲ್ಲಿ ಓಡಾಡಿಸುವುದು ದುಂದು, ಅದನ್ನು ಒಂದೆಡೆ ನಿಧಿಯಾಗಿಟ್ಟು ಅಗ್ಗದ ನಾಣ್ಯವನ್ನು ಬಳಸುವುದೇ ಮುಂದುವರಿದ ಪದ್ಧತಿ ಎಂಬುದು ಕೇನ್ಸನ ಮತ. ಶಾಸ್ತ್ರದೃಷ್ಟಿಯಿಂದ ಇದು ಸಮರ್ಥವಾದ ವಾದ. ಮುಂದೆ ಪ್ರಪಂಚವೆಲ್ಲ ನಡೆದದ್ದೂ ಆ ಕಡೆಗೇ. ಆದರೆ ಆ ನಿಧಿಯು ಯಾರ ಕೈಯಲ್ಲಿ, ಯಾವ ಊರಿನಲ್ಲಿ ಇರಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಕಮಿಷನ್ನು ೧೯೧೪ರಲ್ಲಿ ಬಂಗಾರದ ನಾಣ್ಯದಿಂದ ಇಂಡಿಯಾಕ್ಕೆ ಹಿತವಿಲ್ಲವೆಂದಿತು.

ಯಾವ ವಾದದಿಂದಲೂ ತೆರೆಯದ ಬಾಗಿಲು ಯುದ್ಧದಿಂದ ತೆರೆಯಿತು. ಬೆಳ್ಳಿಯು ತುಟ್ಟಿಯಾಗಿ ರೂಪಾಯಿಗೇ ಅಭಾವವಾದಾಗ ಸರಕಾರವು ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ೧೯೧೮ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕದಿಂದ ೨೦ ಕೋಟಿ ಔನ್ಸು ಬೆಳ್ಳಿಯನ್ನು ಕೊಂಡಿತು. ಅದೂ ಸಾಲದೆ ೧೯೧೮ರಲ್ಲಿ ಬೊಂಬಾಯಿಯಲ್ಲಿ ಬಂಗಾರವನ್ನೇ ಹೊಡೆಯಿತು. ಮೊದಲು ೧೫ ರೂಪಾಯಿಯ ಮೊಹರು ಸುಮಾರು ೨೧ ಲಕ್ಷ. ಆಮೇಲೆ ರಾಜಟಂಕಸಾಲೆಯ ಶಾಖೆಯಾಗಿ ಸವರನ್ನು ಸುಮಾರು ೧೩ ಲಕ್ಷ. ೧೯೧೯ರಲ್ಲಿ ಶಾಖೆಯನ್ನು ಮುಚ್ಚಿದರು. ಇಪ್ಪತ್ತು ವರ್ಷ ಅಸಾಧ್ಯವೆನಿಸಿದ್ದು ಕೆಲವೇ ತಿಂಗಳುಗಳಲ್ಲಿ ಸಾಧ್ಯವಾಗಿ, ಮತ್ತೆ ಅಸಾಧ್ಯವಾಯಿತು. ಯುದ್ಧಾನಂತರದ ಬ್ಯಾಬಿಂಗ್ಟನ್ ಸ್ಮಿತ್ ಕಮಿಟಿಯು ರೂಪಾಯಿಗೆ ೨ ಷಿಲ್ಲಿಂಗನ್ನು ಕಟ್ಟಿಕೊಟ್ಟು, ಅದರ ಏಕೈಕ ಭಾರತೀಯ ಸದಸ್ಯರಾದ ದಾದಿಬಾ ದಲಾಲರ ಭಿನ್ನಮತವನ್ನು ಲೆಕ್ಕಿಸದೆ ಕೆಟ್ಟ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ.

೧೯೨೩ರಲ್ಲಿ ಡಾಕ್ಟರ್ ಅಂಬೇಡ್ಕರರು ರೂಪಾಯಿಯ ಸಮಸ್ಯೆಯನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ೧೮೯೩ರ ಸೂಕ್ಷ್ಮವೆಂದು ನಾವು ಮೇಲೆ ಹೇಳಿದುದರ ಮೇಲೆಯೇ ಅವರ ದೃಷ್ಟಿ ನಿಂತಿತು. ಟಂಕಸಾಲೆಯನ್ನು ಪ್ರಜೆಗೆ ಮುಚ್ಚಿ ಸರಕಾರಕ್ಕೆ ತೆರೆದಿಟ್ಟರೆ ನಾಣ್ಯದ ಪ್ರಮಾಣವು ಅಧಿಕಾರಿಗಳ ಇಚ್ಛೆಗೆ ಸಿಕ್ಕಿದಂತಾಗುತ್ತದೆ. ಆದುದರಿಂದ ರೂಪಾಯಿಯ ಟಂಕಣವನ್ನು ಸರಕಾರಕ್ಕೂ ಪೂರ್ತಿಯಾಗಿ ನಿಲ್ಲಿಸಿ, ಬಂಗಾರಕ್ಕೆ ಎಲ್ಲರಿಗೂ ಟಂಕಸಾಲೆಯನ್ನು ತೆರೆಯಬೇಕು ಎಂಬುದು ಅವರ ಸಿದ್ಧಾಂತ. ಕೇನ್ಸನಿಗೆ ಯಾವುದು ಈ ಪದ್ಧತಿಯ ಗುಣವೋ ಅದೇ ಇವರಿಗೆ ದೋಷ. ೧೯೨೫ರಲ್ಲಿ ಹಿಲ್ಟನ್ ಯಂಗ್ ಕಮಿಷನ್ನಿನ ಮುಂದೆಯೂ ಅವರು ಸಾಕ್ಷ್ಯವನ್ನು ಕೊಟ್ಟರು.

ಆ ಕಮಿಷನ್ನಿನ ಮುಂದೆ ಇಂಡಿಯಾ ಸರಕಾರದ ಹಣಕಾಸಿನ ಇಲಾಖೆಯೇ ಬಂಗಾರದ ನಾಣ್ಯದ ಯೋಜನೆಯೊಂದನ್ನು ಇಟ್ಟಿತು. ಬ್ಯಾಂಕ್ ಆಫ್ ಇಂಗ್ಲೆಂಡಿನ ನಾರ್ಮನ್ನನೂ ನ್ಯೂಯಾರ್ಕಿನ ಸ್ಟ್ರಾಂಗನೂ ಅದನ್ನು ಬಲವಾಗಿ ವಿರೋಧಿಸಿದರು. ಕಮಿಷನ್ನು ಅದನ್ನು ತಳ್ಳಿಹಾಕಲು ಕೊಟ್ಟ ಕಾರಣಗಳಲ್ಲಿ ಒಂದನ್ನು ಇಲ್ಲಿ ಎತ್ತಿ ಹೇಳಲೇಬೇಕು. ಇಂಡಿಯಾವು ಬಂಗಾರದ ನಾಣ್ಯಕ್ಕೆ ತಿರುಗಿದರೆ ಬೆಳ್ಳಿಯ ಬೆಲೆ ಬೀಳುವುದು; ದೇಶದ ಬಡವರು ತಮ್ಮ ಉಳಿತಾಯವನ್ನು ಬೆಳ್ಳಿಯ ಒಡವೆಗಳಲ್ಲಿ ಇಟ್ಟಿರುವುದರಿಂದ ಅವರಿಗೆ ನಷ್ಟವಾಗುವುದು ಎಂದರು. ೧೮೯೩ರಲ್ಲಿ ಬಾಗಿಲನ್ನು ಮುಚ್ಚುವಾಗ ತಡೆಯಾಗದಿದ್ದ ಆ ಒಡವೆಗಳು ೧೯೨೬ರಲ್ಲಿ ಬಾಗಿಲನ್ನು ತೆರೆಯದಿರುವುದಕ್ಕೆ ಆಧಾರವಾದುವು.

೧೯೨೭ರ ಕಾಯಿದೆಯು ರೂಪಾಯಿಗೆ ೧೮ ಪೆನ್ನಿಯ ದರವನ್ನು ಗೊತ್ತುಮಾಡಿತು. ಸರ್ ಪುರುಷೋತ್ತಮದಾಸ ಠಾಕೂರದಾಸರು ೧೬ ಪೆನ್ನಿಗಾಗಿ ಬರೆದ ಭಿನ್ನಮತವು ಪ್ರಸಿದ್ಧವಾಗಿದೆ, ಅದರ ಗದ್ದಲದಲ್ಲಿ ಕಾಯಿದೆಯ ಮಿಕ್ಕ ಅಂಶಗಳು ಮರೆಯಾದುವು. ಸವರನ್ನು ಅಂದಿನಿಂದ ಶಾಸನಬದ್ಧ ನಾಣ್ಯವಾಗಿ ಉಳಿಯಲಿಲ್ಲ. ಸರಕಾರವು ತೊಲ ಒಂದಕ್ಕೆ ೨೧ ರೂಪಾಯಿ ೩ ಆಣೆ ೧೦ ಕಾಸಿನಂತೆ ಬಂಗಾರವನ್ನು ಕೊಳ್ಳುವುದು. ಆದರೆ ತರುವವನು ೪೦ ತೊಲಕ್ಕೆ ಕಡಮೆಯಿಲ್ಲದ ಗಟ್ಟಿಗಳನ್ನು ತರಬೇಕು. ಸರಕಾರದಿಂದ ಕೊಳ್ಳಬೇಕೆನ್ನುವವನು ೧,೦೬೫ ತೊಲಕ್ಕೆ ಕಡಮೆಯಿಲ್ಲದಂತೆ ಕೊಳ್ಳಬೇಕು. ಅದರ ಬೆಲೆ ಇಪ್ಪತ್ತೆರಡು ಸಾವಿರ ರೂಪಾಯಿಗೂ ಮೇಲು. ಅದೂ ಬಂಗಾರವನ್ನೇ ಕೊಡಬೇಕೆಂದಿಲ್ಲ, ಲಂಡನ್ನಿನ ಮೇಲೆ ಹುಂಡಿಯನ್ನು ಕೊಟ್ಟರೂ ಸರಕಾರದ ಕರ್ತವ್ಯ ತೀರುತ್ತಿದ್ದಿತು. ನಾಲ್ಕು ವರ್ಷಗಳ ಮೇಲೆ, ೧೯೩೧ನೆಯ ಸೆಪ್ಟಂಬರಿನಲ್ಲಿ, ಇಂಗ್ಲೆಂಡು ಬಂಗಾರವನ್ನು ಬಿಟ್ಟಾಗ ರೂಪಾಯಿಯನ್ನು ಪೌಂಡಿಗೆ ಕಟ್ಟಿದರು. ಬಂಗಾರದ ಧಾರಣೆ ಏರಿತು. ಬೆಳೆಯ ಬೆಲೆ ಬಿದ್ದು ಕಂದಾಯಕ್ಕೂ ಬಡ್ಡಿಗೂ ದಾರಿಗಾಣದ ಹಳ್ಳಿಗರು ತಾಳಿ ಓಲೆಗಳವರೆಗೆ ಮಾರಿದ ಬಂಗಾರವು ಶರಾಫರ ಅಂಗಡಿಗಳಿಂದ ಬೊಂಬಾಯಿಗೂ ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೂ ವರ್ಷವರ್ಷವೂ ಹೋಯಿತು.